ಹಾಲ್‌ನಲ್ಲೇ ಶಾಂತಿಸಾಗರದ ದಡ

ವಿ.ಆರ್. ಹೆಡ್‌ಸೆಟ್‌ನೊಳಗೆ ಚನ್ನಗಿರಿಯ ಶಾಂತಿಸಾಗರದ ದಡ ಎಷ್ಟು ದೂರವಾದರೂ ಇರಬಹುದು. ಮನೆಯ ಹಾಲ್‌ನಲ್ಲಿ ಮಾತ್ರ ನಾಲ್ಕು ಹೆಜ್ಜೆಗೆ ಗೋಡೆ. ಬಟನ್ ಒತ್ತಿ ಸಾಗಿದರೆ ಕಣ್ಣು ‘ಚಲಿಸುತ್ತಿದೆ’ ಎನ್ನುತ್ತದೆ, ಒಳಕಿವಿ ‘ಇಲ್ಲ’ ಎನ್ನುತ್ತದೆ; ಹಲವರಿಗೆ ತಲೆ ಸುತ್ತುತ್ತದೆ.

2001ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಉಪಾಯ ಮಂಡಿಸಿದರು. ನಡೆಯುವವರ ಕಣ್ಣೆದುರಿನ ದೃಶ್ಯವನ್ನೇ ತುಸು ತುಸು ತಿರುಗಿಸುವುದು. ಅವರು ಅರಿಯದೆಯೇ ಸುತ್ತು ಹಾಕುತ್ತಾರೆ, ನೇರ ನಡೆದೆವೆಂದೇ ನಂಬುತ್ತಾರೆ. ಒಳ್ಳೆಯ ಕಣ್ಕಟ್ಟು! ಆದರೆ 2010ರ ಪ್ರಯೋಗವೊಂದರ ಪ್ರಕಾರ, ಅನುಮಾನ ಬಾರದಿರಲು ಆ ಸುತ್ತಿನ ತ್ರಿಜ್ಯ ಸುಮಾರು 22 ಮೀಟರ್ ಇರಬೇಕು. ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲಾ ಮೈದಾನಕ್ಕೆ ಸರಿ, ಹಾಲ್‌ಗಲ್ಲ.

ಮನೆಗೆ ನಿಂತಲ್ಲೇ ಹೆಜ್ಜೆ ಹಾಕುವುದೇ ವಾಸಿ: ತಲೆಯ ಏರಿಳಿತ, ಕೈಬೀಸು ನೋಡಿ ಆ್ಯಪ್ ಮುಂದೆ ಸಾಗಿಸುತ್ತದೆ. ಮೊದಲು ಟೀಪಾಯಿ ಸರಿಸಿ, ಚಾಪೆ ಸುತ್ತಿಡಿ.