ಪುಟ್ಟ ದೋಣಿಯ ವೇಗವೂ ಮೋಟಾರಿನ ಬೇಗೆಯೂ

1898ನೆಯ ಇಸವಿಯಲ್ಲಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಭವನದಲ್ಲಿ ಒಂದು ವಿದ್ಯುತ್ ಪ್ರದರ್ಶನ ನಡೆಯಿತು. ಅಲ್ಲಿಯ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದು ತೇಲುತ್ತಿತ್ತು. ಅದಕ್ಕೆ ಹುಟ್ಟು ಹಾಕುವವರಿರಲಿಲ್ಲ. ದಡದಿಂದ ಎಳೆದ ತಂತಿಯೂ ಇರಲಿಲ್ಲ. ಆದರೂ ನಿಕೊಲಾ ಟೆಸ್ಲಾ ದೂರದಲ್ಲಿ ನಿಂತು ತನ್ನ ಪೆಟ್ಟಿಗೆಯ ಹಿಡಿಯನ್ನು ಚಲಿಸಿದಂತೆಲ್ಲ ಅದು ಮುಂದೆ ಸಾಗಿತು, ನಿಂತಿತು, ತಿರುಗಿತು. ಅದೇ ವರ್ಷದ ನವೆಂಬರ್ 8ರಂದು ಆತನಿಗೆ ಇದರ ಪೇಟೆಂಟ್ ದೊರೆಯಿತು. ಆ ದೋಣಿಯ ಒಡಲಿನಲ್ಲಿ ಇದ್ದುವು ವಿದ್ಯುತ್ಕೋಶಗಳು, ಮೋಟಾರು, ಮತ್ತು ರೇಡಿಯೋ ಅಲೆಗಳನ್ನು ಗ್ರಹಿಸುವ ಉಪಕರಣ.

ಇಂದು ಅಂತಹ ದೋಣಿ ಅಂಗಡಿಯಲ್ಲಿಯೇ ದೊರೆಯುತ್ತದೆ. ಆಸಕ್ತಿಯಿರುವ ವಿದ್ಯಾರ್ಥಿ ಅದನ್ನು ತಾನೇ ಕಟ್ಟಿಕೊಳ್ಳಲೂ ಬಲ್ಲ. ದೂರದಿಂದ ನಡೆಸುವ ಸಮಸ್ಯೆ ಬಗೆಹರಿದ ಮೇಲೆ ಹುಟ್ಟುವ ಆಸೆ ವೇಗದ್ದು. ಆದರೆ ವೇಗವನ್ನು ಹೆಚ್ಚಿಸಹೊರಟವರಿಗೆ ಬಹುಬೇಗ ಮತ್ತೊಂದು ಅನುಭವವಾಗುತ್ತದೆ: ಮೋಟಾರು ಕೈಯಿಡಲಾಗದಷ್ಟು ಕಾಯುತ್ತದೆ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ವೇಗ ಬೇರೆ, ಶಾಖ ಬೇರೆ ಎಂದು ಮೇಲ್ನೋಟಕ್ಕೆ ತೋರಬಹುದು. ವಾಸ್ತವವಾಗಿ ಇವೆರಡೂ ಒಂದೇ ಪ್ರಶ್ನೆ. ಅದು ಹೇಗೆಂಬುದನ್ನು ಈಗ ವಿಚಾರ ಮಾಡೋಣ.

ನೀರಿನ ತಡೆ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ತೇಲುವ ದೋಣಿ ಮುಂದೆ ಸಾಗಬೇಕಾದರೆ ದಾರಿಯಲ್ಲಿರುವ ನೀರನ್ನು ಬದಿಗೊತ್ತಬೇಕು. ಹಾಗೆ ಒತ್ತಿದ ನೀರು ಅಲೆಯಾಗಿ ಏಳುತ್ತದೆ. ವೇಗ ಹೆಚ್ಚಿದಂತೆ ಅಲೆಯ ಉದ್ದವೂ ಹೆಚ್ಚುತ್ತಾ ಹೋಗಿ, ಕಡೆಗೆ ದೋಣಿಯ ಉದ್ದಕ್ಕೆ ಸಮವಾಗುತ್ತದೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯ ದಿಣ್ಣೆಯನ್ನು ತಾನೇ ಹತ್ತಬೇಕಾಗುತ್ತದೆ. 60 ಸೆಂಟಿಮೀಟರ್ ಉದ್ದದ ದೋಣಿಗೆ ಈ ಎಲ್ಲೆ ಸೆಕೆಂಡಿಗೆ ಸುಮಾರು 1 ಮೀಟರ್, ಅಂದರೆ ಗಂಟೆಗೆ ಮೂರೂವರೆ ಕಿಲೋಮೀಟರ್. ನಡೆದುಹೋಗುವ ಮನುಷ್ಯನೂ ಅದನ್ನು ಹಿಂದೆ ಹಾಕಬಲ್ಲ! ದೋಣಿಯ ಉದ್ದಕ್ಕೂ ಅಲೆಯ ತಡೆಗೂ ಇರುವ ಈ ಸಂಬಂಧವನ್ನು ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಇಂಜಿನಿಯರನು ಮಾದರಿ ದೋಣಿಗಳ ಮೂಲಕವೇ ಅಭ್ಯಾಸಮಾಡಿದನು. ಟಾರ್ಕೀ ಎಂಬಲ್ಲಿ 1872ರಲ್ಲಿ ಸಿದ್ಧವಾದ ಆತನ ಪರೀಕ್ಷಾ ತೊಟ್ಟಿ ಈ ಶಾಸ್ತ್ರದಲ್ಲಿ ಪ್ರಸಿದ್ಧವಾದುದು.

ಈ ಎಲ್ಲೆಯನ್ನು ಮೀರುವ ಉಪಾಯವೆಂದರೆ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರುವುದು. ಚಪ್ಪಟೆಯಾದ ಕಲ್ಲನ್ನು ಕೆರೆಯ ಮೇಲೆ ಓರೆಯಾಗಿ ಎಸೆದರೆ ಅದು ಕುಪ್ಪಳಿಸಿಕೊಂಡು ಹೋಗುವುದನ್ನು ಎಲ್ಲರೂ ನೋಡಿರುತ್ತಾರೆ. ದೋಣಿಯ ತಳವನ್ನೂ ತಕ್ಕಂತೆ ರಚಿಸಿದರೆ ವೇಗದಲ್ಲಿ ಅದು ಮೇಲೆದ್ದು, ತಳದ ಅತ್ಯಲ್ಪ ಭಾಗವನ್ನು ಮಾತ್ರ ನೀರಿಗೆ ತಾಗಿಸಿಕೊಂಡು ಓಡುತ್ತದೆ. 1950ರಲ್ಲಿ ಅಮೆರಿಕದ ವಾಷಿಂಗ್ಟನ್ ಸರೋವರದಲ್ಲಿ ‘ಸ್ಲೋ-ಮೋ-ಷನ್ 4’ ಎಂಬ ದೋಣಿ ಗಂಟೆಗೆ ಸುಮಾರು 258 ಕಿಲೋಮೀಟರ್ ವೇಗದಲ್ಲಿ ಓಡಿ ದಾಖಲೆಯನ್ನು ಸ್ಥಾಪಿಸಿತು. ಓಟದಲ್ಲಿ ಅದು ನೀರನ್ನು ತಾಗುತ್ತಿದ್ದುದು ಮುಂದಿನ ಎರಡು ಪಾದಗಳಿಂದ ಮತ್ತು ಅರ್ಧ ಮಾತ್ರ ಮುಳುಗಿದ ಪ್ರೊಪೆಲರ್ ಎಂಬ ತಿರುಗುರೆಕ್ಕೆಯಿಂದ. ಇಂದಿನ ವೇಗದ ಮಾದರಿಗಳಲ್ಲಿ ಅನೇಕವು ಇದೇ ತತ್ತ್ವವನ್ನು ಅನುಸರಿಸುತ್ತವೆ.

ಆದುದರಿಂದ ವೇಗವನ್ನು ಬಯಸುವವನ ಮೊದಲ ಕೆಲಸ ಮೋಟಾರಿನಲ್ಲಿಲ್ಲ, ತಳದಲ್ಲಿದೆ. ತಳದ ಹಿಂಭಾಗ ನೇರವಾಗಿಯೂ ನುಣುಪಾಗಿಯೂ ಇರಬೇಕು. ಹಿಂದಿನ ಅಂಚು ಚೂಪಾಗಿರಬೇಕು. ಅಂಚು ಗುಂಡಗಿದ್ದರೆ ನೀರು ಅದನ್ನು ಅಪ್ಪಿಕೊಂಡು ಮೇಲೇರಿ ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ. ಭಾರ ಹಗುರವಾಗಿರಬೇಕು, ಅದರ ಕೇಂದ್ರ ಅನೇಕ ದೋಣಿಗಳಲ್ಲಿ ಹಿಂದಿನ ಅಂಚಿನಿಂದ ಉದ್ದದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿರುತ್ತದೆ. ಭಾರ ಮುಂದಾದರೆ ದೋಣಿ ಮೂತಿಯನ್ನು ನೀರಿಗೊತ್ತಿ ಓಡುವುದು. ಹಿಂದಾದರೆ ಗಾಳಿಗೆ ಮೇಲೆದ್ದು ಮಗುಚಿಕೊಳ್ಳುವುದು.

ಶಾಖದ ಲೆಕ್ಕ

ಇನ್ನು ಮೋಟಾರಿನ ಕಡೆಗೆ ತಿರುಗೋಣ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಉಂಟಾಗುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಜೇಮ್ಸ್ ಜೂಲ್ 1840ರ ಸುಮಾರಿನಲ್ಲಿ ಕಂಡುಹಿಡಿದನು. ಸುರುಳಿಯ ನಿರೋಧ 0.03 ಓಮ್ ಇರುವ ಮೋಟಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ 20 ಅಂಪೇರ್ ಹರಿದರೆ 12 ವಾಟ್ ಶಾಖ. 40 ಅಂಪೇರ್ ಹರಿದರೆ 48 ವಾಟ್. 60 ಅಂಪೇರ್ ಹರಿದರೆ 108 ವಾಟ್. ಪ್ರವಾಹ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು!

ಪ್ರವಾಹವನ್ನು ನಿರ್ಧರಿಸುವುದು ಯಾವುದು? ಮೋಟಾರು ತನಗೆ ಬೇಕೆನಿಸಿದಷ್ಟು ವಿದ್ಯುತ್ತನ್ನು ಸೆಳೆಯುವುದಿಲ್ಲ. ಪ್ರೊಪೆಲರ್ ಅದರ ಮೇಲೆ ಹೇರುವ ಹೊರೆಗೆ ತಕ್ಕಷ್ಟು ಸೆಳೆಯುತ್ತದೆ. ಈ ಹೊರೆ ಸುತ್ತುವ ವೇಗದ ವರ್ಗವನ್ನೂ ವ್ಯಾಸದ ಐದನೆಯ ಘಾತವನ್ನೂ ಅನುಸರಿಸಿ ಏರುತ್ತದೆ. 40 ಮಿಲಿಮೀಟರ್ ವ್ಯಾಸದ ಪ್ರೊಪೆಲರನ್ನು ತೆಗೆದು ಅದೇ ಆಕಾರದ 44 ಮಿಲಿಮೀಟರಿನದನ್ನು ಹಾಕಿದೆವೆನ್ನಿ. ಹೆಚ್ಚಿಸಿದುದು ನೂರಕ್ಕೆ ಹತ್ತು ಮಾತ್ರ. ಆದರೆ ಅದೇ ಸುತ್ತಿನ ವೇಗದಲ್ಲಿ ಹೊರೆ ಸುಮಾರು 1.6 ಪಟ್ಟಾಯಿತು, ಸುರುಳಿಯ ಶಾಖ ಸುಮಾರು 2.6 ಪಟ್ಟಾಯಿತು. ಹಾಗೆಯೇ ಮೂರು ಕೋಶಗಳ ಬ್ಯಾಟರಿಯ ಸ್ಥಾನದಲ್ಲಿ ನಾಲ್ಕು ಕೋಶಗಳದ್ದನ್ನು ಇಟ್ಟು ಮಿಕ್ಕುದನ್ನೆಲ್ಲ ಹಾಗೆಯೇ ಬಿಟ್ಟರೆ ಸುತ್ತಿನ ವೇಗ ಮೂರನೆಯ ಒಂದು ಭಾಗದಷ್ಟು ಏರಬಹುದು. ಶಾಖ ಮಾತ್ರ ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಒಂದೇ ಒಂದು ಕೋಶವನ್ನು ಸೇರಿಸಿದ್ದಕ್ಕೆ ಮೋಟಾರು ಏಕೆ ಸುಟ್ಟಿತೆಂಬ ಪ್ರಶ್ನೆಗೆ ಈ ಲೆಕ್ಕವೇ ಉತ್ತರ.

ಪ್ರೊಪೆಲರಿನ ಮತ್ತೊಂದು ಅಳತೆ ಪಿಚ್. ಒಂದು ಸುತ್ತಿಗೆ ಅದು ತಿರುಪುಮೊಳೆಯಂತೆ ಮುಂದೆ ಸರಿಯಬೇಕಾದ ದೂರ. ಪಿಚ್ 56 ಮಿಲಿಮೀಟರ್ ಇದ್ದು, ನಿಮಿಷಕ್ಕೆ 18,000 ಸುತ್ತು ತಿರುಗಿದರೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ ಬರಬೇಕು. ನೀರು ಗಟ್ಟಿಯಾದ ಮರವಲ್ಲವಾದುದರಿಂದ ಪ್ರೊಪೆಲರ್ ಸ್ವಲ್ಪ ಜಾರುತ್ತದೆ, ನಿಜವಾದ ವೇಗ ಕಡಮೆಯಾಗುತ್ತದೆ. ನಿಜವಾದ ವೇಗ ಈ ಲೆಕ್ಕಕ್ಕಿಂತ ಬಹಳ ಕೆಳಗಿದ್ದರೆ, ದೋಣಿಯ ತಡೆ ಹೆಚ್ಚಾಗಿದೆಯೆಂದು ಅರ್ಥ. ಆಗ ಮಾಡಬೇಕಾದುದು ತಳವನ್ನು ತಿದ್ದುವುದೇ ಹೊರತು ಬ್ಯಾಟರಿಯನ್ನು ಹಿಗ್ಗಿಸುವುದಲ್ಲ.

ಶಾಖ ಶಾಖವನ್ನು ಬೆಳೆಸುತ್ತದೆಂಬ ಇನ್ನೊಂದು ಅಪಾಯವೂ ಉಂಟು. ತಾಮ್ರದ ಉಷ್ಣತೆ 80 ಡಿಗ್ರಿ ಏರಿದರೆ ಅದರ ನಿರೋಧ ನೂರಕ್ಕೆ 30ರಷ್ಟು ಹೆಚ್ಚುತ್ತದೆ. ನಿಯೋಡಿಮಿಯಂ ಅಯಸ್ಕಾಂತಗಳು ಕಾದಂತೆ ದುರ್ಬಲವಾಗುತ್ತವೆ. ಅವುಗಳ ಸಾಧಾರಣ ತರಗತಿಗೆ ಸುಮಾರು 80 ಡಿಗ್ರಿ ಸೆಂಟಿಗ್ರೇಡೇ ಎಲ್ಲೆ. ಅಯಸ್ಕಾಂತ ದುರ್ಬಲವಾದರೆ ಅದೇ ಹೊರೆಯನ್ನು ತಿರುಗಿಸಲು ಹೆಚ್ಚು ಪ್ರವಾಹ ಬೇಕು. ಪ್ರವಾಹ ಹೆಚ್ಚಿದರೆ ಮತ್ತೆ ಶಾಖ. ಎಲ್ಲೆ ಮೀರಿ ಕಾದ ಅಯಸ್ಕಾಂತ ತಣ್ಣಗಾದ ಮೇಲೂ ಮೊದಲಿನ ಬಲವನ್ನು ಪೂರ್ತಿ ಪಡೆಯದೆ ಹೋಗಬಹುದು.

ತಡೆಯುವ ನೀರೇ ತಂಪೆರೆಯುವ ನೀರು

ಆಟದ ವಿಮಾನದ ಮೋಟಾರಿಗೆ ಗಾಳಿ ಬಡಿಯುತ್ತದೆ. ದೋಣಿಯ ಮೋಟಾರಾದರೋ ನೀರು ನುಗ್ಗದಂತೆ ಭದ್ರವಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಸೆರೆಯಾಗಿರುತ್ತದೆ. ಅಲ್ಲಿಯ ಗಾಳಿ ಕೆಲವು ನಿಮಿಷಗಳಲ್ಲಿಯೇ ಬಿಸಿಯಾಗುತ್ತದೆ. ಆದರೆ ಹೊರಗೆ ಬೇಕಾದಷ್ಟು ನೀರಿದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4.2 ಜೂಲ್ ಶಕ್ತಿ ಬೇಕು. ಮೋಟಾರಿನಿಂದ 100 ವಾಟ್ ಶಾಖವನ್ನು ಹೊತ್ತೊಯ್ಯಬೇಕೆಂದಿಟ್ಟುಕೊಳ್ಳಿ. ನಿಮಿಷಕ್ಕೆ 300 ಮಿಲಿಲೀಟರ್, ಎಂದರೆ ಒಂದೆರಡು ಲೋಟದಷ್ಟು, ನೀರು ಹರಿದರೂ ಸಾಕು. ಹೊರಬರುವ ನೀರು ಒಳಹೋದುದಕ್ಕಿಂತ 5 ಡಿಗ್ರಿಯಷ್ಟು ಮಾತ್ರ ಬಿಸಿಯಾಗಿರುತ್ತದೆ.

ಇದಕ್ಕೆ ಪಂಪು ಬೇಕಿಲ್ಲ. ಚುಕ್ಕಾಣಿಯ ಮುಂದಂಚಿನಲ್ಲಿಯೋ ದೋಣಿಯ ಹಿಂದುಗಡೆಯಲ್ಲಿಯೋ ಮುಂದಕ್ಕೆ ಬಾಯಿ ತೆರೆದ ಸಣ್ಣ ಕೊಳವೆಯನ್ನಿಟ್ಟರೆ, ಓಟದ ವೇಗವೇ ನೀರನ್ನು ಅದರೊಳಕ್ಕೆ ನೂಕುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಈ ಒತ್ತಡ ಸುಮಾರು 5 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಈ ನೀರು ಮೋಟಾರನ್ನು ಸುತ್ತಿದ ಲೋಹದ ಕವಚದೊಳಗೆ ಹರಿದು, ದೋಣಿಯ ಪಕ್ಕದ ರಂಧ್ರದಿಂದ ಕಾರಂಜಿಯಂತೆ ಹೊರಚಿಮ್ಮುತ್ತದೆ. ದಡದಲ್ಲಿ ನಿಂತವನಿಗೆ ಆ ಚಿಲುಮೆಯೇ ಎಲ್ಲವೂ ಕ್ಷೇಮವೆಂಬ ಸಂಕೇತ.

ಕವಚದ ಪ್ರಯೋಜನ ಮೋಟಾರಿನ ರಚನೆಯನ್ನು ಅವಲಂಬಿಸಿರುತ್ತದೆ. ಬ್ರಷ್ ಇಲ್ಲದ ಮೋಟಾರುಗಳಲ್ಲಿ ಸುರುಳಿಗಳು ತಿರುಗುವುದಿಲ್ಲ. ಅವು ಹೊರಗಿನ ಗೋಡೆಗೆ ಅಂಟಿಕೊಂಡಿರುವ ಜಾತಿಯಲ್ಲಿ ಶಾಖ ನೇರವಾಗಿ ಕವಚವನ್ನು ಸೇರುತ್ತದೆ. ಹೊರಚಿಪ್ಪೇ ತಿರುಗುವ ಜಾತಿಗೆ ಕವಚ ತೊಡಿಸಲಾಗದು. ಮೋಟಾರನ್ನು ಬಿಗಿದ ಫಲಕವನ್ನು ತಂಪುಮಾಡಬೇಕು. ಬ್ರಷ್ ಇರುವ ಹಳೆಯ ಬಗೆಯಲ್ಲಿ ಸುರುಳಿ ನಡುವೆ ತಿರುಗುತ್ತಿದ್ದು, ಶಾಖ ಗಾಳಿಯ ಸಂದನ್ನು ದಾಟಿ ಬರಬೇಕಾದುದರಿಂದ ಕವಚದ ಉಪಕಾರ ಕಡಮೆ. ವೇಗನಿಯಂತ್ರಕಕ್ಕೂ ನೀರಿನ ತಂಪು ಬೇಕು. ಎರಡಕ್ಕೂ ಬೇರೆ ಬೇರೆ ಕೊಳವೆಗಳಿದ್ದರೆ ಉತ್ತಮ.

ತಂಪು ಕೈಕೊಡುವ ಗಳಿಗೆ

ಈ ಏರ್ಪಾಡಿನಲ್ಲಿ ಒಂದು ದೊಡ್ಡ ಕೊರತೆಯಿದೆ. ಪ್ರೊಪೆಲರಿಗೆ ಪಾಚಿಯೋ ಅಂತರಗಂಗೆಯ ಬೇರೋ ಸುತ್ತಿಕೊಂಡಿತೆನ್ನಿ. ತಿರುಗುವ ಮೋಟಾರು ತಾನೇ ಡೈನಮೋ ಆಗಿ ಬ್ಯಾಟರಿಗೆ ಎದುರಾದ ವೋಲ್ಟೇಜನ್ನು ಹುಟ್ಟಿಸುತ್ತದೆ. ಪ್ರವಾಹವನ್ನು ಹದ್ದಿನಲ್ಲಿಡುವುದು ಇದೇ. ಮೋಟಾರು ನಿಂತೊಡನೆ ಈ ಎದುರು ಮಾಯವಾಗುತ್ತದೆ. 11.1 ವೋಲ್ಟಿನ ಬ್ಯಾಟರಿಗೆ 0.03 ಓಮ್ ಮಾತ್ರ ಅಡ್ಡವಿದ್ದರೆ ಲೆಕ್ಕದಂತೆ 370 ಅಂಪೇರ್ ಹರಿಯಬೇಕು. ಅದಕ್ಕೆ ಮೊದಲೇ ಮೋಟಾರೋ ನಿಯಂತ್ರಕವೋ ಬ್ಯಾಟರಿಯೋ ಕೆಡುತ್ತದೆ. ಅದೇ ಗಳಿಗೆಯಲ್ಲಿ ದೋಣಿಯೂ ನಿಂತಿರುವುದರಿಂದ ತಂಪಿನ ನೀರೂ ನಿಂತಿರುತ್ತದೆ. ಶಾಖ ಅತ್ಯಧಿಕವಾದಾಗಲೇ ತಂಪು ಶೂನ್ಯ!

ಆದುದರಿಂದ ದೋಣಿ ಇದ್ದಕ್ಕಿದ್ದಂತೆ ನಿಧಾನಿಸಿದರೆ ಹಿಡಿಯನ್ನು ಮುಂದೊತ್ತದೆ ಕೂಡಲೇ ವಿದ್ಯುತ್ತನ್ನು ನಿಲ್ಲಿಸಬೇಕು. ಲಿಥಿಯಂ ಬ್ಯಾಟರಿ ಅತಿಯಾಗಿ ಕಾದರೆ ಉಬ್ಬಿ ಬೆಂಕಿ ಹತ್ತಬಹುದು. ಬಿಸಿಯಾದ ಅಥವಾ ಉಬ್ಬಿದ ಬ್ಯಾಟರಿಗೆ ವಿದ್ಯುತ್ ತುಂಬಬಾರದು. ಕೆರೆಯ ನಡುವೆ ನಿಂತ ದೋಣಿಗಾಗಿ ನೀರಿಗೆ ಇಳಿಯುವುದಂತೂ ಸರ್ವಥಾ ಕೂಡದು. ಗಾಳದ ದಾರಕ್ಕೆ ತೇಲುವ ಚೆಂಡನ್ನು ಕಟ್ಟಿ ಎಸೆದು ಅದನ್ನು ಎಳೆದುಕೊಳ್ಳಬಹುದು. ದೋಣಿ ಎಷ್ಟೇ ಬೆಲೆಯದಾಗಲಿ, ಪ್ರಾಣಕ್ಕೆ ಸಮವಲ್ಲ.

ಪ್ರಯೋಗದ ಕ್ರಮ

ಓಡಿಸುವ ಮುನ್ನ ಕೊಳವೆಯಲ್ಲಿ ಊದಿ ಗಾಳಿ ಸರಾಗವಾಗಿ ಹೊರಬರುವುದೇ ಎಂದು ನೋಡಬೇಕು. ಪ್ರೊಪೆಲರಿನ ದಂಡ ಮೋಟಾರಿಗೆ ನೇರವಾಗಿದೆಯೇ, ಗ್ರೀಸು ಇದೆಯೇ ಎಂದು ಪರೀಕ್ಷಿಸಬೇಕು. ಅಲ್ಲಿಯ ಘರ್ಷಣೆಯೂ ಪ್ರವಾಹವನ್ನು ಏರಿಸುತ್ತದೆ. ಚಿಕ್ಕ ಪ್ರೊಪೆಲರಿನಿಂದ ಆರಂಭಿಸಿ ಒಂದು ನಿಮಿಷ ಓಡಿಸಿ, ದಡಕ್ಕೆ ತಂದು, ವಿದ್ಯುತ್ ಸಂಪರ್ಕವನ್ನು ತೆಗೆದು ಮೋಟಾರು, ನಿಯಂತ್ರಕ, ಬ್ಯಾಟರಿಗಳ ಉಷ್ಣತೆಯನ್ನು ಅಳೆದು ಬರೆದಿಡಬೇಕು. ನೀರಿನ ಕವಚ ತಣ್ಣಗಿದ್ದ ಮಾತ್ರಕ್ಕೆ ಒಳಗಿನ ಸುರುಳಿಯೂ ತಣ್ಣಗಿದೆಯೆಂದು ಭಾವಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ ಫಲವನ್ನು ಹೋಲಿಸಬೇಕು. ಹೀಗೆ ಮಾಡಿದರೆ ವೇಗವನ್ನು ಹೆಚ್ಚಿಸಿದ ಬದಲಾವಣೆ ಯಾವುದು, ಬರಿಯ ಶಾಖವನ್ನು ಹೆಚ್ಚಿಸಿದುದು ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ತಳ ಸರಿಯಾಗಿದ್ದು, ಹೊರೆ ಮಿತವಾಗಿದ್ದ ಮೇಲೆ ತಂಪಿನ ಏರ್ಪಾಡು ತನ್ನ ಕೆಲಸವನ್ನು ಮಾಡಬಲ್ಲದು. ತಪ್ಪಾದ ಆಯ್ಕೆಯನ್ನು ಅದು ಎಂದಿಗೂ ಸರಿಪಡಿಸಲಾರದು. ದೊಡ್ಡ ವಿದ್ಯುದಾಗಾರಗಳಲ್ಲಿಯೂ ಇದೇ ಸಮಸ್ಯೆಯಿದೆ. ಅಲ್ಲಿಯ ಟ್ರಾನ್ಸ್‌ಫಾರ್ಮರುಗಳ ಸುರುಳಿಗಳನ್ನು ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಉಗಿಯ ಟರ್ಬೈನುಗಳಿಂದ ತಿರುಗುವ ಭಾರಿ ಜನರೇಟರುಗಳ ಟೊಳ್ಳು ತಾಮ್ರದೊಳಗೆ ಶುದ್ಧ ನೀರನ್ನೂ ಸುತ್ತಲೂ ಜಲಜನಕ ಅನಿಲವನ್ನೂ ಹರಿಸುತ್ತಾರೆ. ಕೊಳದಲ್ಲಿ ಓಡುವ ಪುಟ್ಟ ದೋಣಿಯ ಪಕ್ಕದಿಂದ ಚಿಮ್ಮುವ ಬೆಚ್ಚನೆಯ ನೀರಿನ ಎಳೆಯೂ ಜೂಲನ ಅದೇ ನಿಯಮವನ್ನು ಪಾಲಿಸುತ್ತದೆ.