ಮತಗಟ್ಟೆಗೆ ಬಾರದ ಮತದಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೨೦೨೪ರ ನವೆಂಬರಿನಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ನಡೆಯಿತು. ಮತದಾನಕ್ಕೆ ಅರ್ಹರಾದ ಪೌರರಲ್ಲಿ ಸುಮಾರು ಶೇಕಡಾ ೬೪ರಷ್ಟು ಮಂದಿ ಮತವಿತ್ತರು. ಉಳಿದ ಸುಮಾರು ೯ ಕೋಟಿ ಜನ ಮನೆಯಲ್ಲಿಯೇ ಉಳಿದರು. ಗೆದ್ದ ಅಭ್ಯರ್ಥಿಗೆ ದೊರೆತ ಮತಗಳಾದರೋ ೮ ಕೋಟಿಯನ್ನೂ ಮುಟ್ಟಲಿಲ್ಲ. ಮತ ಕೊಡದವರ ಗುಂಪೇ ಎಲ್ಲಕ್ಕಿಂತ ದೊಡ್ಡದಾಯಿತೆಂದಂತಾಯಿತು! ಇದಕ್ಕೆ ಸೋಮಾರಿತನವೇ ಕಾರಣವೆಂದುಬಿಡುವುದು ಸುಲಭ. ಆದರೆ ಸಮಾಜವಿಜ್ಞಾನಿಗಳು ಅಷ್ಟಕ್ಕೇ ತೃಪ್ತರಾಗಲಿಲ್ಲ.

೧೯೫೭ರಲ್ಲಿ ಆಂತೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಲೆಕ್ಕಾಚಾರದ ದೃಷ್ಟಿಯಿಂದ ನೋಡಿದರು. ಕೋಟಿಗಟ್ಟಲೆ ಮತಗಳ ನಡುವೆ ಒಬ್ಬನ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ಅತ್ಯಲ್ಪ. ಮತಗಟ್ಟೆಗೆ ಹೋಗುವ ಶ್ರಮ ಮಾತ್ರ ನಿಶ್ಚಿತ. ಹಾಗಿದ್ದರೂ ಜನರು ಹೋಗುತ್ತಾರೇಕೆ? ಈ ಒಗಟನ್ನು ಬಿಡಿಸಲು ವಿಲಿಯಂ ರೈಕರ್ ಮತ್ತು ಪೀಟರ್ ಆರ್ಡೆಶುಕ್ ಎಂಬ ವಿದ್ವಾಂಸರು ೧೯೬೮ರಲ್ಲಿ ಒಂದು ಸಮೀಕರಣವನ್ನು ಮುಂದಿಟ್ಟರು:

ಪ್ರತಿಫಲ = (ಸಂಭವ × ಲಾಭ) − ಶ್ರಮ + ಕರ್ತವ್ಯತೃಪ್ತಿ

ನಿರಾಶನಾದ ಮತದಾರನಿಗೆ ಇದನ್ನು ಅನ್ವಯಿಸಿ ನೋಡೋಣ. "ಯಾರು ಗೆದ್ದರೂ ನಮ್ಮ ಪಾಡು ಇಷ್ಟೇ" ಎಂದುಕೊಂಡೊಡನೆ ಲಾಭವು ಸೊನ್ನೆಯಾಗುತ್ತದೆ. ಕರ್ತವ್ಯತೃಪ್ತಿಯೂ ಕುಗ್ಗುತ್ತದೆ. ಉಳಿಯುವುದು ಶ್ರಮವೊಂದೇ! ೨೦೧೬ರಲ್ಲಿ ಹೆಸರು ನೋಂದಾಯಿಸಿಕೊಂಡೂ ಮತ ಕೊಡದವರನ್ನು ಜನಗಣತಿ ಇಲಾಖೆಯು ವಿಚಾರಿಸಿದಾಗ, ಅವರಲ್ಲಿ ಸುಮಾರು ಶೇಕಡಾ ೨೫ ಮಂದಿ ಅಭ್ಯರ್ಥಿಗಳಾಗಲಿ ಚುನಾವಣೆಯ ವಿಷಯಗಳಾಗಲಿ ತಮಗೆ ಹಿಡಿಸಲಿಲ್ಲವೆಂದರು. ೨೦೧೨ರಲ್ಲಿ ಹೀಗೆಂದವರು ಸುಮಾರು ಶೇಕಡಾ ೧೩ ಮಾತ್ರ.

ಚುನಾವಣೆಯ ಕ್ರಮವೂ ಈ ನಿರಾಶೆಗೆ ಇಂಬುಕೊಡುತ್ತದೆ. ಅಧ್ಯಕ್ಷರನ್ನು ಆರಿಸುವವರು ೫೩೮ ಮಂದಿ ನಿರ್ವಾಚಕರು. ೫೦ ರಾಜ್ಯಗಳ ಪೈಕಿ ೪೮ರಲ್ಲಿ, ಒಂದೇ ಮತದ ಅಂತರದಿಂದ ಗೆದ್ದರೂ ಆ ರಾಜ್ಯದ ನಿರ್ವಾಚಕರೆಲ್ಲರೂ ಗೆದ್ದವನಿಗೇ ಸಲ್ಲುತ್ತಾರೆ. ಆದುದರಿಂದ ಒಂದು ಪಕ್ಷವೇ ಪ್ರಬಲವಾಗಿರುವ ರಾಜ್ಯದಲ್ಲಿ, ಎದುರು ಪಕ್ಷದವನಿಗೆ ತನ್ನ ಮತ ವ್ಯರ್ಥವೆನಿಸುವುದು ಸಹಜ. ಇದಲ್ಲದೆ, ೧೮೪೫ರ ಕಾನೂನಿನಂತೆ ಮತದಾನ ನಡೆಯುವುದು ಕೆಲಸದ ದಿನವಾದ ಮಂಗಳವಾರ.

ಹಾಗಾದರೆ ಸರಕಾರದ ಮೇಲಣ ಅಪನಂಬಿಕೆಯೇ ಎಲ್ಲಕ್ಕೂ ಮೂಲವೆ? ಅಲ್ಲ. ೧೯೬೪ರಲ್ಲಿ ಅಮೆರಿಕನ್ನರಲ್ಲಿ ಮುಕ್ಕಾಲುಪಾಲು ಜನ ತಮ್ಮ ಸರಕಾರವನ್ನು ನಂಬುತ್ತಿದ್ದರು. ೨೦೨೦ರ ವೇಳೆಗೆ ಆ ಪ್ರಮಾಣ ಕಾಲುಭಾಗಕ್ಕಿಂತಲೂ ಕೆಳಗಿಳಿದಿತ್ತು. ಆದರೂ ಆ ವರ್ಷ ಸುಮಾರು ಶೇಕಡಾ ೬೬ ಮಂದಿ ಮತವಿತ್ತರು. ೧೯೦೦ರಿಂದೀಚೆಗೆ ಇಷ್ಟು ಹೆಚ್ಚಿನ ಪ್ರಮಾಣ ಕಂಡಿರಲಿಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ೧೯೫೪ರಲ್ಲಿಯೇ ಇದರ ಕೀಲಿಯನ್ನು ಸೂಚಿಸಿದ್ದರು. "ನಾನು ಮಾಡಿದುದರಿಂದ ಏನಾದರೂ ಆದೀತು" ಎಂಬ ಭಾವನೆಯೇ ಆ ಕೀಲಿ. ಈ ಭಾವನೆಯಿದ್ದರೆ ಸಿಟ್ಟು ಕೂಡ ಮತದಾರನನ್ನು ಮತಗಟ್ಟೆಗೆ ನಡೆಸುತ್ತದೆ. ಇಲ್ಲವಾದರೆ ಅದೇ ಸಿಟ್ಟು ಬೇಸರವಾಗಿ ಅವನನ್ನು ಮನೆಯಲ್ಲಿ ಕೂರಿಸುತ್ತದೆ.

ಕರ್ತವ್ಯಪ್ರಜ್ಞೆಯ ಬಲವನ್ನು ಪ್ರಯೋಗದಿಂದಲೂ ಅಳೆದಿದ್ದಾರೆ. ೨೦೦೬ರಲ್ಲಿ ಮಿಷಿಗನ್ ರಾಜ್ಯದ ಒಂದು ಪ್ರಾಥಮಿಕ ಚುನಾವಣೆಗೆ ಮುನ್ನ ಸಂಶೋಧಕರು ಸಹಸ್ರಾರು ಮನೆಗಳಿಗೆ ಪತ್ರಗಳನ್ನು ಕಳುಹಿಸಿದರು. ಹಿಂದೆ ಯಾರು ಮತ ಕೊಟ್ಟಿದ್ದರು, ಯಾರು ಕೊಟ್ಟಿರಲಿಲ್ಲ ಎಂಬುದನ್ನು ನೆರೆಹೊರೆಯವರ ಹೆಸರುಗಳೊಡನೆ ತಿಳಿಸುವ ಪತ್ರವೂ ಅವುಗಳಲ್ಲಿತ್ತು. ಪತ್ರವಿಲ್ಲದ ಮನೆಗಳಲ್ಲಿ ಶೇಕಡಾ ೨೯.೭ ಮತದಾನವಾದರೆ, ಈ ಪತ್ರ ತಲುಪಿದ ಮನೆಗಳಲ್ಲಿ ಶೇಕಡಾ ೩೭.೮ ಆಯಿತು. ನ್ಯೂ ಹೇವನ್ ನಗರದಲ್ಲಿ ೧೯೯೮ರಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ಪ್ರೇರಣೆ ಪಡೆದವರು ಮರುವರ್ಷವೂ ಇತರರಿಗಿಂತ ಹೆಚ್ಚಾಗಿ ಮತಗಟ್ಟೆಗೆ ಬಂದರು. ಮತದಾನವು ಅಭ್ಯಾಸವಾಗಬಲ್ಲುದು. ಮನೆಯಲ್ಲುಳಿಯುವುದೂ ಹಾಗೆಯೇ ಅಲ್ಲವೆ?

ಗೈರುಹಾಜರಿಯೂ ಒಂದು ಪ್ರತಿಭಟನೆಯೆಂದು ಕೆಲವರ ವಾದ. ಆದರೆ ಅದೇ ಮಿಷಿಗನ್ನಿನಲ್ಲಿ ೨೦೧೬ರ ಫಲಿತಾಂಶ ನಿಂತದ್ದು ೧೦,೭೦೪ ಮತಗಳ ಅಂತರದ ಮೇಲೆ. ಅಷ್ಟರಿಂದಲೇ ಆ ರಾಜ್ಯದ ೧೬ ನಿರ್ವಾಚಕರೂ ಒಂದೇ ಕಡೆಗೆ ಸಂದರು. ಮನೆಯಲ್ಲುಳಿದವರಲ್ಲಿ ಬಡವರ ಮತ್ತು ತರುಣರ ಪಾಲು ಹೆಚ್ಚೆಂಬುದು ಅನೇಕ ಸಮೀಕ್ಷೆಗಳಿಂದ ತಿಳಿದಿದೆ. ಅವರ ಮೌನದಲ್ಲಿ ಸಿಟ್ಟು ಎಷ್ಟು, ಬೇಸರ ಎಷ್ಟು, ಸೋಮಾರಿತನ ಎಷ್ಟು ಎಂಬುದನ್ನು ಮತಪೆಟ್ಟಿಗೆ ಹೇಳಲಾರದು. ಅದು ಎಣಿಸುವುದು ತನ್ನೊಳಗೆ ಬಿದ್ದ ಚೀಟಿಗಳನ್ನು ಮಾತ್ರ.