ವೇಗ ಬ್ಯಾಟಿನದಲ್ಲ, ಕೈಯದಾಗಲಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಟೆಂಡರ್. ದರ ಬರೆಯುವ ಮುನ್ನ ಖರೀದಿದಾರರು ಚೀಲಗಳ ಮುಂದೆ ಬಗ್ಗಿ ಕಾಯಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಬಣ್ಣ, ಸುಕ್ಕು, ಹಸಿ ಎಲ್ಲವನ್ನೂ ನೋಡುತ್ತಾರೆ. ಅದೇ ಊರಿನ ಹುಡುಗ ಟೇಬಲ್ ಟೆನಿಸ್ ಬ್ಯಾಟ್ ಕೊಳ್ಳುವಾಗ ಮುಟ್ಟಿ ನೋಡುವ ಅವಕಾಶವೇ ಸಿಗುವುದಿಲ್ಲ. ಒಳ್ಳೆಯ ಬ್ಲೇಡು (ರಬ್ಬರ್ ಅಂಟಿಸುವ ಮರದ ಭಾಗ) ಬೇಕೆಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕು, ಇಲ್ಲವೇ ಮೊಬೈಲ್‌ನಲ್ಲಿ ತರಿಸಬೇಕು. ಮೊಬೈಲ್‌ನಲ್ಲಿ ಕಾಣುವುದು ‘ಸ್ಪೀಡ್’ ಎಂಬುದರ ಮುಂದಿನ ಅಂಕಿ. ದೊಡ್ಡ ಅಂಕಿ ಕಂಡದ್ದೇ ಆರ್ಡರ್ ಹೋಗುತ್ತದೆ. ಒಂದು ಕಂಪನಿಯ ಅಂಕಿಗೂ ಇನ್ನೊಂದರ ಅಂಕಿಗೂ ತಾಳೆಯಿಲ್ಲ ಎಂದು ಅವನಿಗೆ ಹೇಳುವವರಿಲ್ಲ.

‘ಸರ, ಯಾವ ಬ್ಯಾಟ್ ತಗೋಬೇಕ್ರಿ?’ ಎಂದು ಕೇಳುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಕ್ಕಳಿಗೆ ನನ್ನ ಉತ್ತರ ಒಂದೇ: ಈಗ ಹಿಡಿದಿರುವುದಕ್ಕಿಂತ ನಿಧಾನದ್ದು. ಕೇಳಿದವರ ಮುಖ ಸಪ್ಪಗಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ತಂಡ ವಿಭಾಗದ ಕ್ವಾರ್ಟರ್‌ಫೈನಲ್‌ನಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಜರ್ಮನಿಯ ಆಟಗಾರ್ತಿಯನ್ನು ಸೋಲಿಸಿದ್ದನ್ನು ನೋಡಿದವರು ಅವರು. 2012ರ ಒಲಿಂಪಿಕ್ ಚಾಂಪಿಯನ್ ಝಾಂಗ್ ಜಿಕೆ ಕೈಯಲ್ಲಿದ್ದ ಕಾರ್ಬನ್ ಬ್ಲೇಡು ‘ವಿಸ್ಕಾರಿಯಾ’ದ ಹೆಸರು ಅವರ ಬಾಯಲ್ಲೇ ಇರುತ್ತದೆ. ಆದರೆ ಝಾಂಗ್ ಅಂಥವರ ಕೈಗೆ ಆ ಬ್ಲೇಡು ಬರುವ ಹೊತ್ತಿಗೆ ಹೊಡೆತ ಮೈಯಲ್ಲಿ ಕೂತು ವರ್ಷಗಳಾಗಿರುತ್ತವೆ.

ಚೆಂಡಿನ ತೂಕ 2.7 ಗ್ರಾಂ, ವ್ಯಾಸ 40 ಮಿಲಿಮೀಟರ್. ಅದು ಬ್ಯಾಟನ್ನು ತಾಗಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಬಿಗಿಯಾದ ಬ್ಲೇಡಿನಲ್ಲಿ ಆ ಹೊತ್ತು ಇನ್ನೂ ಕಿರಿದು, ಮಣಿಯುವ ಮರದಲ್ಲಿ ತುಸು ಹೆಚ್ಚು. ಈ ತುಸುವಿನಲ್ಲೇ ರಬ್ಬರ್ ಚೆಂಡನ್ನು ಹಿಡಿದು ತಿರುಗಿಸಬೇಕು. ಬ್ಲೇಡಿನ ದಪ್ಪದಲ್ಲಿ ಶೇ 85ರಷ್ಟಾದರೂ ಸಹಜ ಮರವಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅಂಟಿನ ಪದರದಲ್ಲಿ ಕಾರ್ಬನ್‌ನಂಥ ನಾರು ಸೇರಿಸಬಹುದು, ಆದರೆ ಒಂದು ಪದರ 0.35 ಮಿ.ಮೀ. ಮೀರುವಂತಿಲ್ಲ. ಅಷ್ಟು ತೆಳ್ಳನೆಯ ಪದರವೇ ಬ್ಲೇಡನ್ನು ಸೆಟೆದು ನಿಲ್ಲಿಸಿ ಚೆಂಡನ್ನು ಚಿಮ್ಮಿಸುತ್ತದೆ.

ಕಲಿಯುವ ಮಗುವಿಗೆ ಇಂಥ ವೇಗದ ಬ್ಲೇಡು ಏನು ಮಾಡುತ್ತದೆ ಎಂಬುದನ್ನು ಟೇಬಲ್ ಪಕ್ಕ ನಿಂತು ನೋಡಬೇಕು. ಫೋರ್‌ಹ್ಯಾಂಡ್ ಪೂರ್ತಿ ಬೀಸಿದರೆ ಚೆಂಡು ಆಚೆ ಹೋಗುತ್ತದೆ. ಎರಡು ಸಲ ಆಚೆ ಹೋಯಿತೆಂದರೆ ಮೂರನೆಯ ಸಲ ಕೈ ತಾನಾಗಿ ಅರ್ಧಕ್ಕೇ ನಿಲ್ಲುತ್ತದೆ. ಬರೀ ತಾಗಿಸಿದರೂ ಚೆಂಡು ಆ ಬದಿ ಮುಟ್ಟುತ್ತದಲ್ಲ. ಆಮೇಲೆ ಕಾಲು ಬಗ್ಗುವುದಿಲ್ಲ, ಸೊಂಟ ತಿರುಗುವುದಿಲ್ಲ, ಮುಂಗೈ ಮಾತ್ರ ಆಡುತ್ತದೆ. ಅಂಕ ಬರುತ್ತಿರುತ್ತದೆ, ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಸುತ್ತಿನ (ಬ್ಯಾಕ್‌ಸ್ಪಿನ್) ಚೆಂಡನ್ನು ಟಾಪ್‌ಸ್ಪಿನ್ ಮಾಡಿ ಎತ್ತಬೇಕಾದಾಗ ಮಾತ್ರ ಗುಟ್ಟು ಬಯಲಾಗುತ್ತದೆ: ಉಜ್ಜುವ ಹೊಡೆತ ಕೈಯಲ್ಲಿ ಬೆಳೆದೇ ಇಲ್ಲ. ಸಣ್ಣ ಪುಶ್ ಮಾಡಲು ಹೋದರೆ ಚೆಂಡು ಎತ್ತರಕ್ಕೆ ನೆಗೆದು ಎದುರಾಳಿಯ ಸ್ಮ್ಯಾಶಿಗೆ ಸಿಗುತ್ತದೆ.

ನಿಧಾನದ ಬ್ಲೇಡಿನಲ್ಲಿ ಅರ್ಧ ಹೊಡೆತ ನೆಟ್‌ಗೇ ಹೋಗಿ ಬೀಳುತ್ತದೆ. ಚೆಂಡು ದಾಟಬೇಕೆಂದರೆ ಮೈ ತಿರುಗಲೇಬೇಕು. ದಿನವೂ ಪಕ್ಕದಲ್ಲಿ ನಿಂತು ತಿದ್ದುವ ಕೋಚ್ ಇರುವ ಊರಿನ ಮಗುವಿಗೆ ವೇಗದ ಬ್ಯಾಟ್ ಅಷ್ಟು ಕೆಡುಕು ಮಾಡಲಿಕ್ಕಿಲ್ಲ. ನಮ್ಮ ಕಡೆ ಬಹಳಷ್ಟು ಮಕ್ಕಳು ತಾವೇ ಆಡಿ ಕಲಿಯುವವರು. ಅವರಿಗೆ ತಪ್ಪನ್ನು ಆ ಕ್ಷಣವೇ ತೋರಿಸುವ ಬ್ಯಾಟ್ ಬೇಕು. ದೊಡ್ಡ ಊರಿನವರಿಗಿಂತ ನಮಗೇ ಇದು ಹೆಚ್ಚು ಅಗತ್ಯ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬ್ಯಾಟ್ ಆಟವನ್ನೇ ಬದಲಿಸಬಲ್ಲದು, ಆದರೆ ಬ್ಯಾಟ್ ಒಂದೇ ಸಾಲದು ಎಂಬುದಕ್ಕೆ ಸಾಕ್ಷಿ ನಮ್ಮದೇ ನೆಲದ ಚರಿತ್ರೆಯಲ್ಲಿದೆ. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮುಂಬಯಿಯಲ್ಲಿ ನಡೆಯಿತು. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಧಾರವಾಡ ಜಿಲ್ಲೆಯವು, ಮುಂಬಯಿ ರಾಜ್ಯಕ್ಕೆ ಸೇರಿದವು. ಅಲ್ಲಿಗೆ ಜಪಾನಿನ ಹಿರೋಜಿ ಸಾತೊ ದಪ್ಪ ಸ್ಪಂಜಿನ ಬ್ಯಾಟ್ ತಂದರು. ಅದುವರೆಗೆ ಗುಳ್ಳೆ ರಬ್ಬರಿನ ಬ್ಯಾಟಿನಿಂದ ಬರುವ ‘ಟಕ್’ ಸದ್ದು ಕೇಳಿ ಹೊಡೆತದ ಬಲ ಅಳೆಯುತ್ತಿದ್ದವರಿಗೆ ಸಾತೊ ಬ್ಯಾಟಿನ ಮೌನ ಅರ್ಥವೇ ಆಗಲಿಲ್ಲ. ಫೈನಲ್‌ನಲ್ಲಿ ಹಂಗೇರಿಯ ಯೋಜೆಫ್ ಕೋಚಿಯಾನ್ ಅವರನ್ನು ಸೋಲಿಸಿ ಸಾತೊ ವಿಶ್ವ ಚಾಂಪಿಯನ್ ಆದರು. ಆ ಪಟ್ಟ ಅವರಿಗೆ ಮತ್ತೆ ದಕ್ಕಲಿಲ್ಲ. 1954ರಲ್ಲಿ ಗೆದ್ದ ಇಚಿರೊ ಒಗಿಮುರಾ ಕೂಡ ಸ್ಪಂಜಿನ ಬ್ಯಾಟಿನವರೇ, ಆದರೆ ಕಾಲಿನ ಚಲನೆಯನ್ನೂ ಹೊಡೆತವನ್ನೂ ಹಟ ಹಿಡಿದು ಕಟ್ಟಿಕೊಂಡವರು. 1956ರಲ್ಲೂ ಅವರೇ ಗೆದ್ದರು. 1959ರಲ್ಲಿ ಸ್ಪಂಜು, ರಬ್ಬರ್ ಸೇರಿ 4 ಮಿ.ಮೀ. ಮೀರಬಾರದೆಂಬ ಮಿತಿ ಬಂತು. ಅದು ಇಂದಿಗೂ ಇದೆ.

ಕೊಳ್ಳುವ ವಿಷಯಕ್ಕೆ ಬಂದರೆ, ಐದು ಪದರದ ಅಪ್ಪಟ ಮರದ ‘ಆಲ್‌ರೌಂಡ್’ ಬ್ಲೇಡು ಸಾಕು. ಸ್ಟಿಗಾದ ಆಲ್‌ರೌಂಡ್ ಕ್ಲಾಸಿಕ್, ಡೋನಿಕ್‌ನ ಆಪೆಲ್‌ಗ್ರೆನ್ ಆಲ್‌ಪ್ಲೇ ಈ ಜಾತಿಯವು. ಯಾಸಾಕಾದ ಸ್ವೀಡನ್ ಎಕ್ಸ್‌ಟ್ರಾ ಅವಕ್ಕಿಂತ ಸ್ವಲ್ಪ ಚುರುಕು. ತೂಕ 80ರಿಂದ 85 ಗ್ರಾಂ ಒಳಗಿದ್ದರೆ ಮಕ್ಕಳ ಮಣಿಕಟ್ಟಿಗೆ ಹಿತ. ರಬ್ಬರಿನಲ್ಲಿ ಜಿಪುಣತನ ಬೇಡ: ಅಂಗಡಿಯಲ್ಲಿ ಸಿಗುವ ಅಗ್ಗದ ರೆಡಿಮೇಡ್ ಬ್ಯಾಟೂ ನಿಧಾನದ್ದೇ, ಆದರೆ ಅದರ ಜಾರುವ ರಬ್ಬರಿನಿಂದ ಸ್ಪಿನ್ ಕಲಿಯಲು ಆಗದು. ಹಿಡಿತವಿರುವ ಮಾರ್ಕ್ ಫೈವ್‌ನಂಥ ರಬ್ಬರ್, 1.8 ಅಥವಾ 2 ಮಿ.ಮೀ. ಸ್ಪಂಜಿನೊಂದಿಗೆ ಹಾಕಿಸಿ. ಮಣ್ಣಿನ ದೂಳು ಕೂತರೆ ಆ ಹಿಡಿತವೂ ಹೋಗುತ್ತದೆ. ಆಟ ಮುಗಿದ ಮೇಲೆ ಒದ್ದೆ ಸ್ಪಂಜಿನಿಂದ ಒರೆಸಿಡಿ. ನಿಧಾನದ್ದು ಎಂದೆನೆಂದು ರಕ್ಷಣಾ ಆಟದ ‘ಡಿಫೆನ್ಸಿವ್’ ಬ್ಲೇಡಿಗೆ ಹೋಗಬೇಡಿ, ಅದು ಬೇರೆಯೇ ಆಟ.

ಅಂಗಡಿಗೆ ಹೋದರೆ ಕಿವಿಯನ್ನೂ ಬಳಸಿ. ರಬ್ಬರ್ ಹಾಕದ ಬ್ಲೇಡಿನ ಮೇಲೆ ಚೆಂಡು ಪುಟಿಸಿದಾಗ ಸದ್ದು ಕೀರಲಾಗಿದ್ದಷ್ಟೂ ಮರ ಬಿಗಿ, ವೇಗ ಹೆಚ್ಚು. ಮಂದ್ರವಾಗಿದ್ದರೆ ಮಣಿಯುವ ಮರ. ಎರಡು ಮೂರು ಬ್ಲೇಡು ಪಕ್ಕಪಕ್ಕ ಪುಟಿಸಿದರೆ ಹೊಸಬರಿಗೂ ವ್ಯತ್ಯಾಸ ತಿಳಿಯುತ್ತದೆ.

ಪಾಲಕರಿಗೆ ಒಂದು ಮಾತು. ಬ್ಯಾಟ್ ಬದಲಿಸಿದ ಮೊದಲ ತಿಂಗಳುಗಳಲ್ಲಿ ಮಗು ಸೋಲುತ್ತದೆ. 2001ರಿಂದ ಗೇಮ್ 11 ಅಂಕಕ್ಕೇ ಮುಗಿಯುವುದರಿಂದ ನಾಲ್ಕು ಚೆಂಡು ನೆಟ್‌ಗೆ ಬಿದ್ದರೂ ಗೇಮ್ ಹೋದಂತೆ. ತಾಲ್ಲೂಕು ಮಟ್ಟದ ಶಾಲಾ ಪಂದ್ಯದಲ್ಲಿ ಚೆಂಡಿಗೆ ಬರೀ ತಾಗಿಸುವ ಹುಡುಗನೇ ಗೆದ್ದುಬಿಡಬಹುದು. ಆ ಸೋಲಿಗೆ ಬೆದರಿ ಹಳೆಯ ಬ್ಯಾಟ್ ಕೈಗೆ ಕೊಡಬೇಡಿ. ಜಿಲ್ಲೆ ದಾಟಿ ಬೆಳಗಾವಿ ವಿಭಾಗದ ಮಟ್ಟಕ್ಕೆ ಹೋದಾಗ ಎದುರಿಗೆ ಸಿಗುವವರು ಸ್ಪಿನ್ ಬಲ್ಲವರು. ಅಲ್ಲಿ ತಾಗಿಸುವ ಆಟ ನಡೆಯದು.

ವೇಗದ ಬ್ಲೇಡು ಯಾವಾಗ? ಕೆಳಸುತ್ತಿನ ಚೆಂಡುಗಳನ್ನು ಒಂದರ ಹಿಂದೊಂದು ಪೂರ್ತಿ ಹೊಡೆತದಿಂದ ಎತ್ತಿ ಟೇಬಲ್ ಮೇಲೇ ಬೀಳಿಸುವಂತಾಗಿ, ಮೈಯ ಶಕ್ತಿಯೆಲ್ಲ ಹಾಕಿದರೂ ಎದುರಾಳಿ ಸಲೀಸಾಗಿ ಬ್ಲಾಕ್ ಮಾಡತೊಡಗಿದಾಗ. ಆಗಲೂ ಒಮ್ಮೆಗೇ ಕಾರ್ಬನ್‌ಗೆ ಹಾರಬೇಡಿ. ರಬ್ಬರ್ ಅದೇ ಇರಲಿ, ಒಂದು ಮೆಟ್ಟಿಲು ಚುರುಕಾದ ಮರದ ಬ್ಲೇಡಿಗಷ್ಟೇ ಹೋಗಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಚೆಂಡು ಆಚೆ ಹೋಗುತ್ತಿರುವುದು ಯಾವುದರಿಂದ ಎಂಬುದೇ ತಿಳಿಯದು.